ಡ್ರೈವ್ ಯಾಕ ಟ್ರಿಪ್ ಆಗ್ಲತ್ತದ? ಮೋಟರ್ ಕಂಟ್ರೋಲರ್‌ಗಳ ಓವರ್‌ಕರೆಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಪ್ಯಾನೆಲ್ ಕಟ್ಟುವುದು, ಡ್ರೈವ್ ರಿಪೇರಿ ಮಾಡುವುದು ನಮ್ಮ ಕಸುಬು. ಕಪನೂರಿನ ದಾಲ್ ಮಿಲ್ ಇರಲಿ, ಶಹಾಬಾದ ಕಡೆಯ ಕಲ್ಲು ಕೊಯ್ಯುವ ಮಷೀನ್ ಇರಲಿ, ಭೀಮಾ ದಂಡೆಯ ಪಂಪ್ ಇರಲಿ, ಫೋನಿನಲ್ಲಿ ಬರುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: "ಓಸಿ ಬರ್ಲತ್ತದ್ರಿ. ರೀಸೆಟ್ ಮಾಡಿದ್ರ ಒಂದ್ ಗಳಿಗಿ ನಡೀತದ, ಮತ್ತ ನಿಂದರ್ತದ." ದಿನಕ್ಕೆ ನಾಲ್ಕು ಜನಕ್ಕೆ ಅದೇ ಉತ್ತರ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಪ್ರಶ್ನೆಗಳನ್ನು ಜನ ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಡ್ರೈವ್ ಅಂದರೆ ಇಲ್ಲಿ ವಿಎಫ್‌ಡಿ, ಮೋಟರ್‌ನ ವೇಗ ಏರಿಸಿ ಇಳಿಸುವ ಎಲೆಕ್ಟ್ರಾನಿಕ್ ಡಬ್ಬಿ. ಓಸಿ ಅಂದರೆ ಓವರ್‌ಕರೆಂಟ್, ಓಎಲ್ ಅಂದರೆ ಓವರ್‌ಲೋಡ್. ಟ್ರಿಪ್ ಆಗುವುದು, ಬೀಳುವುದು ಅಂದರೆ ತಾನಾಗಿ ಬಂದ್ ಆಗುವುದು. ಕೋಡ್‌ಗಳ ಹೆಸರು ಕಂಪನಿಗೊಂದು ಥರ ಇರುತ್ತವೆ, ನಿಮ್ಮ ಮ್ಯಾನುಯಲ್ ನೋಡಿಕೊಳ್ಳಿರಿ.

ಓವರ್‌ಲೋಡ್, ಓವರ್‌ಕರೆಂಟ್ ಎರಡೂ ಒಂದೇ ಅಲ್ಲೇನ್ರಿ?

ಅಲ್ಲ. ಹಮಾಲರನ್ನು ನೋಡಿರಿ. ಒಂದರ ಬದಲು ಎರಡು ಚೀಲ ಹೊತ್ತು ದಿನವಿಡೀ ನಡೆದರೆ ಸಂಜೆಗೆ ಸೊಂಟ ಹಿಡಿಯುತ್ತದೆ. ಅದು ಓವರ್‌ಲೋಡ್. ಲಾರಿ ಮೇಲಿಂದ ಚೀಲ ಜಾರಿ ತಲೆ ಮೇಲೆ ಬಿದ್ದರೆ ಅದು ಓವರ್‌ಕರೆಂಟ್. ಮೊದಲನೆಯದಕ್ಕೆ ನಿಮಿಷಗಟ್ಟಲೆ ಸಮಯವಿದೆ, ಎರಡನೆಯದಕ್ಕೆ ಕಣ್ಣು ಮಿಟುಕಿಸುವಷ್ಟೂ ಇಲ್ಲ.

ಓವರ್‌ಲೋಡ್ ಆದಾಗ ಕರೆಂಟ್ ನೇಮ್‌ಪ್ಲೇಟ್‌ಗಿಂತ ಕಾಲುಭಾಗವೋ ಅರ್ಧದಷ್ಟೋ ಹೆಚ್ಚಿರುತ್ತದೆ, ಮೋಟರ್ ನಿಧಾನವಾಗಿ ಕಾಯುತ್ತದೆ. ಡ್ರೈವ್ ಅದನ್ನು ಲೆಕ್ಕ ಹಾಕುತ್ತ ಕೂತಿರುತ್ತದೆ. ಹೆವಿ ಡ್ಯೂಟಿ ಡ್ರೈವ್ ಸಾಮಾನ್ಯವಾಗಿ ಶೇ 150ರಷ್ಟನ್ನು 60 ಸೆಕೆಂಡ್ ತಡೆಯುತ್ತದೆ, ಆಮೇಲೆ ಓಎಲ್ ಅಂತ ತೋರಿಸಿ ನಿಲ್ಲುತ್ತದೆ. ಓಸಿ ಬಂತೆಂದರೆ ಕರೆಂಟ್ ಒಳಗಿನ ಟ್ರಾನ್ಸಿಸ್ಟರ್ ತಾಳುವ ಮಿತಿಯನ್ನೇ ಮುಟ್ಟಿದೆ ಎಂದರ್ಥ. ಅಲ್ಲಿ ಡ್ರೈವ್ ಯಾರನ್ನೂ ಕೇಳುವುದಿಲ್ಲ, ಬಂದ್ ಆಗಿಬಿಡುತ್ತದೆ.

ಫೋನ್ ಮಾಡಿದಾಗ ಓಎಲ್ ಬಂತೋ ಓಸಿ ಬಂತೋ ಅಂತ ಮೊದಲು ಹೇಳಿರಿ. "ಏನೋ ಓ ಅಂತ ಬಂತ್ರಿ" ಅಂದರೆ ನಾನು ಗಾಡಿ ಹತ್ತಿ ಬರಲೇಬೇಕಾಗುತ್ತದೆ.

ನಮ್ಮ ಮೋಟರ್ ಎಷ್ಟು ಆಂಪ್ ತಗೋಬೇಕು?

ನೇಮ್‌ಪ್ಲೇಟ್ ಓದಿರಿ. ಅಳಿಸಿಹೋಗಿದ್ದರೆ, 415 ವೋಲ್ಟ್ ತ್ರೀ ಫೇಸ್ ಮೋಟರ್‌ಗೆ ಎಚ್‌ಪಿಗೆ 1.4ರಿಂದ 1.5 ಆಂಪ್ ಅಂತ ಹಿಡಿಯಿರಿ. 5 ಎಚ್‌ಪಿಗೆ ಸುಮಾರು 7.5, 10 ಎಚ್‌ಪಿಗೆ 14. ತೀರಾ ಸಣ್ಣ ಮೋಟರ್‌ಗಳಲ್ಲಿ ಈ ಲೆಕ್ಕಕ್ಕಿಂತ ಹೆಚ್ಚೇ ಬರುತ್ತದೆ. ರಿವೈಂಡಿಂಗ್ ಆಗಿ ಬಂದ ಮೋಟರ್‌ನ ನೇಮ್‌ಪ್ಲೇಟನ್ನು ಪೂರ್ತಿ ನಂಬಬೇಡಿರಿ. ಖಾಲಿ ಓಡಿಸಿ ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ಮೂರೂ ಫೇಸ್ ಬರೆದಿಟ್ಟುಕೊಳ್ಳಿರಿ. ಹೊಸದಾಗಿ ಬಂದ ದಿನವೇ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ ಮೂರು ಅಂಕಿ, ಮುಂದೆ ನಾನು ತರುವ ಯಾವ ಮೀಟರ್‌ಗಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತವೆ.

ಹಳೇ ಸ್ಟಾರ್ಟರ್ ಇದ್ದಾಗ ಈ ತಂಟೆ ಇರ್ಲಿಲ್ರಿ. ಡ್ರೈವ್ ಬಂದ ಮ್ಯಾಲೆ ಯಾಕ?

ನೇರವಾಗಿ ಲೈನಿಗೆ ಹಚ್ಚಿದ ಮೋಟರ್ ಶುರುವಾಗುವಾಗ ತನ್ನ ಕರೆಂಟಿನ 6ರಿಂದ 8 ಪಟ್ಟು ಎಳೆಯುತ್ತದೆ. 10 ಎಚ್‌ಪಿ ಮೋಟರ್ ಅಂದರೆ ಕೆಲವು ಸೆಕೆಂಡ್ 90-100 ಆಂಪ್. ಸ್ಟಾರ್ಟರ್ ಒಳಗೆ ಇರುವುದು ಬೆಳ್ಳಿ ಮಿಶ್ರಣದ ಕಾಂಟ್ಯಾಕ್ಟ್, ತಾಮ್ರದ ಪಟ್ಟಿ, ಓಎಲ್‌ಆರ್‌ನ (ಓವರ್‌ಲೋಡ್ ರಿಲೇ) ಬಿಸಿಗೆ ಬಾಗುವ ಬೈಮೆಟಲ್ ಪಟ್ಟಿ. ಇವೆಲ್ಲ ದಪ್ಪ ಲೋಹ, ಬಿಸಿಯಾಗಲು ಹೊತ್ತು ಬೇಕು. ಓಎಲ್‌ಆರ್‌ಗೆ ತಡಮಾಡುವುದೇ ಕೆಲಸ. ಕ್ಲಾಸ್ 10 ಅಂತ ಬರೆದ ಓಎಲ್‌ಆರ್, ಸೆಟ್ಟಿಂಗಿನ 7.2 ಪಟ್ಟು ಕರೆಂಟಿಗೆ 4ರಿಂದ 10 ಸೆಕೆಂಡ್ ಒಳಗೆ ಬೀಳುತ್ತದೆ. ಕ್ಲಾಸ್ 20 ಆದರೆ 6ರಿಂದ 20 ಸೆಕೆಂಡ್. ಸೆಟ್ಟಿಂಗಿಗಿಂತ ಬರೀ ಶೇ 20 ಹೆಚ್ಚಿದ್ದರೆ ಎರಡು ತಾಸಿನೊಳಗೆ ಯಾವಾಗ ಬಿದ್ದರೂ ಅದು ನಿಯಮದ ಪ್ರಕಾರ ಸರಿಯೇ.

ಡ್ರೈವ್ ಒಳಗೆ ಕರೆಂಟನ್ನು ಹೊರುವುದು ಮೇಲೆ ಹೇಳಿದ ಟ್ರಾನ್ಸಿಸ್ಟರ್, ಅಂದರೆ ಐಜಿಬಿಟಿ ಅನ್ನುವ ಸಿಲಿಕಾನ್ ಚೂರು. ಬೆರಳಿನ ಉಗುರಿನಷ್ಟು ಅಗಲ, ಕಾಗದದಷ್ಟು ದಪ್ಪ. ಬಿಸಿ ನುಂಗಲು ಅದರಲ್ಲಿ ಮೈಯೇ ಇಲ್ಲ. ಪೂರ್ತಿ ಶಾರ್ಟ್ ಆದರೆ ಹಲವು ಐಜಿಬಿಟಿಗಳು ತಡೆಯುವುದು ಸುಮಾರು 10 ಮೈಕ್ರೋಸೆಕೆಂಡ್, ಹೊಸ ಪೀಳಿಗೆಯ ಕೆಲವು ಅದರ ಅರ್ಧದಷ್ಟು ಮಾತ್ರ. ನಮ್ಮ 50 ಹರ್ಟ್ಸ್ ಕರೆಂಟಿನ ಅರ್ಧ ಅಲೆ ಮುಗಿಯಲು 10 ಮಿಲಿಸೆಕೆಂಡ್ ಬೇಕು. ಅಂದರೆ ಅರ್ಧ ಅಲೆ ಮುಗಿಯುವುದರೊಳಗೆ ಆ ಚೂರು ಸಾವಿರ ಸಲ ಸಾಯಬಹುದು. ಆದ್ದರಿಂದ ಡ್ರೈವ್ ಪುಕ್ಕಲು, ಅದು ಹಾಗೆ ಇರಲೇಬೇಕು. ನಿಮ್ಮ ಹಳೇ ಸ್ಟಾರ್ಟರ್ ಇದ್ದಾಗ ತೊಂದರೆ ಇರಲಿಲ್ಲ ಅಂತಲ್ಲ. ಸ್ಟಾರ್ಟರ್‌ಗೆ ಅದು ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಅಷ್ಟು ಬೇಗ ಅದಕ್ಕ ಹ್ಯಾಂಗ ಗೊತ್ತಾಗ್ತದ?

ಒಂದೇ ಕಾವಲುಗಾರ ಅಲ್ಲ, ಮೂವರಿದ್ದಾರೆ.

ಎಲ್ಲರಿಗಿಂತ ಚುರುಕಾದವನು ಐಜಿಬಿಟಿ ಬಾಗಿಲಲ್ಲೇ ನಿಂತಿರುತ್ತಾನೆ. ಐಜಿಬಿಟಿ ಪೂರ್ತಿ ಆನ್ ಆಗಿದ್ದಾಗ ಅದರ ಎರಡು ತುದಿಯ ನಡುವೆ ಸುಮಾರು 2 ವೋಲ್ಟ್ ಮಾತ್ರ ಇರುತ್ತದೆ. ಶಾರ್ಟ್ ಆಗಿ ಕರೆಂಟ್ ಮಿತಿ ಮೀರಿದಾಗ ಈ ವೋಲ್ಟೇಜ್ ಸರ್ರನೆ ಏರುತ್ತದೆ. 7 ವೋಲ್ಟ್ ಆಸುಪಾಸು ಮುಟ್ಟಿದ ಕೂಡಲೇ ಐಜಿಬಿಟಿಯನ್ನು ಹತ್ತಿಸಿ ಆರಿಸುವ ಗೇಟ್ ಡ್ರೈವರ್ ಚಿಪ್ ತಾನೇ ಬಾಗಿಲು ಮುಚ್ಚುತ್ತದೆ, ಮೇಲಿನ ಪ್ರೊಸೆಸರನ್ನು ಕೇಳುತ್ತ ಕೂರುವುದಿಲ್ಲ. ಇದಕ್ಕೆ ಡಿಸ್ಯಾಟ್ ಪ್ರೊಟೆಕ್ಷನ್ ಅನ್ನುತ್ತಾರೆ. ಇಲ್ಲೊಂದು ಸೂಕ್ಷ್ಮ ಇದೆ. ಬಾಗಿಲನ್ನು ಧಡ್ ಅಂತ ಮುಚ್ಚಿದರೂ ಅಪಾಯ. ಮೈಕ್ರೋಸೆಕೆಂಡಿಗೆ ಸಾವಿರ ಆಂಪ್ ವೇಗದಲ್ಲಿ ಕರೆಂಟ್ ಕಡಿದರೆ, ಒಳಗಿನ ಪಟ್ಟಿಗಳ 100 ನ್ಯಾನೋಹೆನ್ರಿ ಇಂಡಕ್ಟನ್ಸ್ ಕೂಡ 100 ವೋಲ್ಟ್ ಹೆಚ್ಚುವರಿ ಏಟು ಕೊಡುತ್ತದೆ. ಅದಕ್ಕೇ ಶಾರ್ಟ್ ಆದಾಗ ಚಿಪ್ ಗೇಟನ್ನು ಬೇಕೆಂದೇ ತುಸು ನಿಧಾನ ಇಳಿಸುತ್ತದೆ. ಓಡುವ ಬಂಡಿಯ ಹಗ್ಗ ಜಗ್ಗಿದ ಹಾಗೆ, ಒಮ್ಮೆಲೇ ಅಲ್ಲ.

ಎರಡನೆಯವನು ಕರೆಂಟ್ ಸೆನ್ಸರ್. ದೊಡ್ಡ ಡ್ರೈವ್‌ಗಳಲ್ಲಿ ಔಟ್‌ಪುಟ್ ಪಟ್ಟಿಯ ಸುತ್ತ ಹಾಲ್ ಸೆನ್ಸರ್ ಉಂಗುರ ಇರುತ್ತದೆ, ಸಣ್ಣವುಗಳಲ್ಲಿ ಷಂಟ್ ರೆಸಿಸ್ಟರ್. ಡ್ರೈವ್ ರೇಟಿಂಗಿನ ಸುಮಾರು ಎರಡು ಪಟ್ಟು ಮುಟ್ಟಿದರೆ ಓಸಿ. ಇದೇ ಸೆನ್ಸರ್‌ಗಳ ಮೂರು ಫೇಸ್ ಲೆಕ್ಕ ಕೂಡಿದಾಗ ಸೊನ್ನೆ ಬರದಿದ್ದರೆ ಎಲ್ಲೋ ನೆಲಕ್ಕೆ ಸೋರುತ್ತಿದೆ ಎಂದರ್ಥ, ಆಗ ಅರ್ಥ್ ಫಾಲ್ಟ್ ತೋರಿಸುತ್ತದೆ.

ಮೂರನೆಯವನು ಸಾಫ್ಟ್‌ವೇರ್. ಕರೆಂಟಿನ ವರ್ಗವನ್ನು ಸಮಯದಿಂದ ಗುಣಿಸುತ್ತ, ಮೋಟರ್ ಎಷ್ಟು ಕಾಯ್ದಿರಬಹುದು ಅಂತ ಅಂದಾಜು ಹಾಕುತ್ತ ಇರುತ್ತಾನೆ. ನೀವು ಪ್ಯಾರಾಮೀಟರ್‌ನಲ್ಲಿ (ಡ್ರೈವ್‌ನ ಸೆಟ್ಟಿಂಗಿನಲ್ಲಿ) ಮೋಟರ್ ಆಂಪ್ ತಪ್ಪು ತುಂಬಿದ್ದರೆ ಇವನ ಲೆಕ್ಕವೂ ತಪ್ಪು. 5 ಎಚ್‌ಪಿ ಮೋಟರ್‌ಗೆ 10 ಎಚ್‌ಪಿ ಡ್ರೈವ್ ಹಚ್ಚಿ, ಆಂಪ್ ಬದಲಿಸದೆ ಬಿಟ್ಟವರನ್ನು ವಾರಕ್ಕೊಮ್ಮೆ ನೋಡುತ್ತೇನೆ. ಮೋಟರ್ ಹೊಗೆ ಬಿಟ್ಟರೂ ಡ್ರೈವ್ "ಎಲ್ಲಾ ಛಲೋ ಅದ" ಅಂತ ನಡೆಯುತ್ತಲೇ ಇರುತ್ತದೆ.

ಓಸಿ1, ಓಸಿ2, ಓಸಿ3 ಅಂತ ಬರ್ತದಲ್ರಿ, ಏನದು?

ಬಹಳಷ್ಟು ಮಾದರಿಗಳಲ್ಲಿ ಒಂದು ಅಂದರೆ ವೇಗ ಏರುವಾಗ, ಎರಡು ಅಂದರೆ ಇಳಿಯುವಾಗ, ಮೂರು ಅಂದರೆ ಒಂದೇ ವೇಗದಲ್ಲಿ ಓಡುತ್ತಿದ್ದಾಗ. ನನ್ನ ಮಟ್ಟಿಗೆ ಇಡೀ ಡಿಸ್ಪ್ಲೇಯಲ್ಲಿ ಬೆಲೆಬಾಳುವುದು ಈ ಒಂದು ಅಂಕಿ. ಯಾವಾಗ ಬಿತ್ತು ಅನ್ನುವುದು ಗೊತ್ತಾದರೆ ಯಾಕೆ ಬಿತ್ತು ಅನ್ನುವುದು ಮುಕ್ಕಾಲು ತಿಳಿದ ಹಾಗೆ.

ಏರುವಾಗ ಬಿದ್ದರೆ ಏರುವ ಸಮಯ ಕಡಿಮೆ ಇಟ್ಟಿರಬಹುದು. ಭಾರದ ಫ್ಲೈವೀಲ್ ಇರುವ ಮಷೀನಿಗೆ 5 ಸೆಕೆಂಡ್ ಇಟ್ಟರೆ ಆಗುವುದಿಲ್ಲ, 20-30 ಕೊಡಿರಿ. ಇಲ್ಲದಿದ್ದರೆ ಟಾರ್ಕ್ (ತಿರುಗಿಸುವ ಬಲ) ಬೂಸ್ಟ್ ಅತಿಯಾಗಿರಬಹುದು. ಕೆಳಗಿನ ವೇಗದಲ್ಲಿ ಮೋಟರ್ ಎತ್ತಲಿ ಅಂತ ಬೂಸ್ಟ್ ಏರಿಸುತ್ತ ಹೋದರೆ ಒಳಗಿನ ಕಬ್ಬಿಣ ಕಾಂತಶಕ್ತಿಯಿಂದ ತುಂಬಿಹೋಗಿ ಟಾರ್ಕ್ ಬದಲು ಬರೀ ಕರೆಂಟ್ ಏರುತ್ತದೆ. ಇಳಿಯುವಾಗ ಬಿದ್ದರೆ ಇಳಿಸುವ ಸಮಯ ಹೆಚ್ಚಿಸಿರಿ, ಬ್ರೇಕ್ ರೆಸಿಸ್ಟರ್ (ನಿಲ್ಲುವಾಗ ಮೋಟರ್ ಹಿಂದಕ್ಕೆ ಕೊಡುವ ಕರೆಂಟನ್ನು ಬಿಸಿಯಾಗಿ ಕಳೆಯುವುದು) ಇದ್ದರೆ ಪರೀಕ್ಷಿಸಿರಿ. ಒಂದೇ ವೇಗದಲ್ಲಿ ಓಡುತ್ತಿದ್ದಾಗ ಬಿದ್ದರೆ ಮಷೀನಿನ ಕಡೆ ತಿರುಗಿರಿ: ಬೇರಿಂಗ್, ಬೆಲ್ಟ್, ಕಲ್ಲಿನಲ್ಲಿ ಸಿಕ್ಕ ಬ್ಲೇಡ್.

ಒಂದು ದಾಲ್ ಮಿಲ್ಲಿನ ಸಂಗತಿ ಹೇಳುತ್ತೇನೆ. ಬಕೆಟ್‌ಗಳಲ್ಲಿ ಕಾಳು ಮೇಲೆತ್ತುವ ಎಲಿವೇಟರ್, ಅದರ ಮೋಟರ್ 5 ಎಚ್‌ಪಿ. ದಿನಾ ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಓಸಿ1. ಮೂರ್ನಾಲ್ಕು ರೀಸೆಟ್ ಆದ ಮೇಲೆ ಹೇಗೋ ಓಡುತ್ತದೆ, ಆಮೇಲೆ ಸಂಜೆಯವರೆಗೆ ಸೊಲ್ಲಿಲ್ಲ. ಒಬ್ಬರು ಬಂದು ಡ್ರೈವ್ ಬದಲಿಸಿದ್ದರು, ಇನ್ನೊಬ್ಬರು ಮೋಟರನ್ನೇ ರಿವೈಂಡಿಂಗಿಗೆ ಕಳಿಸಿದ್ದರು. ನಾನು ಹೋದಾಗ ಎಲ್ಲ ಮೀಟರ್ ಹಚ್ಚಿ ನೋಡಿದೆ, ಏನೂ ಸಿಗಲಿಲ್ಲ. ಸೋತು ಚಹಾ ಕುಡಿಯುತ್ತ ಕೂತಿದ್ದೆ. ಸಂಜೆ ಆರಕ್ಕೆ ಆಪರೇಟರ್ ಹುಡುಗ ಬಂದ, ಮೇನ್ ಸ್ವಿಚ್ ಒಂದೇ ಏಟಿಗೆ ಇಳಿಸಿದ, ಚಪ್ಪಲಿ ಮೆಟ್ಟಿಕೊಂಡು ಹೊರಟ. ಎಲಿವೇಟರ್ ತಳದ ಮುಚ್ಚಳ ತೆಗೆದು ಕೈ ಹಾಕಿದೆ. ಮೊಣಕೈವರೆಗೆ ತೊಗರಿ. ಅದೂ ಒಣ ತೊಗರಿ ಅಲ್ಲ, ಎಣ್ಣೆ ನೀರು ಸವರಿ ಬಿಸಿಲಿಗೆ ಹರವಿ ತಂದಿದ್ದು. ರಾತ್ರಿಯಿಡೀ ಒತ್ತಿಕೊಂಡು ಹಿಟ್ಟಿನ ಮುದ್ದೆಯ ಹಾಗೆ ಬಕೆಟ್‌ಗೆ ಅಂಟಿಕೊಂಡಿತ್ತು. ಬೆಳಿಗ್ಗೆ ಮೋಟರ್ ಆ ತುಂಬಿದ ಬಕೆಟ್‌ಗಳನ್ನು ಆ ಮುದ್ದೆಯೊಳಗಿಂದ ಕಿತ್ತು ಎತ್ತಬೇಕಿತ್ತು. ರಿಪೇರಿ ಏನಂದರೆ, ಸಂಜೆ ಫೀಡ್ ಗೇಟ್ ಮುಚ್ಚಿ ಮೂರು ನಿಮಿಷ ಎಲಿವೇಟರ್ ಖಾಲಿ ಓಡಿಸಿ ಆಮೇಲೆ ಬಂದ್ ಮಾಡುವುದು. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಅದನ್ನು ಮೇಲೆತ್ತುವ ಎಲಿವೇಟರ್ ಮಾತ್ರ ಇನ್ನೂ ಆ ಹುಡುಗನ ಚಪ್ಪಲಿಯ ಅವಸರದ ಕೈಯಲ್ಲಿದೆ.

ರನ್ ಒತ್ತಿದ ಕೂಡ್ಲೆ ಬೀಳ್ತದ, ಮೋಟರ್ ಅಲುಗಾಡೋದೂ ಇಲ್ಲ.

ರೀಸೆಟ್ ಒತ್ತುವುದನ್ನು ಈಗಲೇ ನಿಲ್ಲಿಸಿರಿ. ಈ ಮಾತನ್ನು ನಾನು ದುಡ್ಡು ಕಳೆದುಕೊಂಡು ಕಲಿತಿದ್ದೇನೆ.

ಯಾದಗಿರಿ ಕಡೆಯ ಒಂದು ರೈಸ್ ಮಿಲ್ಲಿನಲ್ಲಿ ರಾತ್ರಿ ಡ್ರೈವ್ ಹೋಗಿತ್ತು. ಮಾಲಕರು ಅವಸರ ಮಾಡಿದರು, ನಾನೂ ಮಾಡಿದೆ. ಹೊಸ ಡ್ರೈವ್ ಹಚ್ಚಿ ರನ್ ಒತ್ತಿದೆ, ಅರ್ಥ್ ಫಾಲ್ಟ್. ರೀಸೆಟ್. ಮತ್ತೆ ಅದೇ. ಸೆನ್ಸರ್ ಕೆಟ್ಟಿರಬೇಕು ಅಂದುಕೊಂಡು ನಾಲ್ಕು ಸಲ ಒತ್ತಿದೆ. ಐದನೆಯ ಸಲಕ್ಕೆ ಪಟಾಕಿಯಂಥ ಸದ್ದು ಬಂತು, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಆಮೇಲೆ ಮೋಟರ್‌ನ ಟರ್ಮಿನಲ್ ಬಾಕ್ಸ್ ಬಿಚ್ಚಿ ನೋಡಿದರೆ, ಒಂದು ಲೀಡ್ ಮುಚ್ಚಳದ ಸ್ಕ್ರೂ ಕೆಳಗೆ ಸಿಕ್ಕು ಚಪ್ಪಟೆಯಾಗಿತ್ತು. ಮೆಣಸಿನ ಕಾಳಿನಷ್ಟು ಕಪ್ಪು ಚುಕ್ಕೆ, ಅಷ್ಟೇ. ಹಳೇ ಡ್ರೈವನ್ನು ಸುಟ್ಟಿದ್ದೂ ಅದೇ. ಹೊಸ ಡ್ರೈವ್ ನಾಲ್ಕು ಸಲ ಸರಿಯಾಗಿಯೇ ಹೇಳಿತ್ತು. ಪ್ರತಿ ರೀಸೆಟ್‌ಗೂ ಆ ಸಿಲಿಕಾನ್ ಚೂರಿನ ಮೇಲೆ ಶಾರ್ಟ್ ಕರೆಂಟಿನ ಪೂರ್ತಿ ಏಟು ಬೀಳುತ್ತದೆ. ಎಷ್ಟು ಏಟು ತಿಂದೀತು?

ಈಗ ನನ್ನ ಕ್ರಮ ಹೀಗೆ. ಪವರ್ ಬಂದ್ ಮಾಡಿ ಕನಿಷ್ಠ 5 ನಿಮಿಷ, ದೊಡ್ಡ ಡ್ರೈವ್ ಆದರೆ 10-15 ನಿಮಿಷ ಕಾಯುವುದು. ಒಳಗಿನ ಕೆಪಾಸಿಟರ್‌ಗಳಲ್ಲಿ ಸುಮಾರು 587 ವೋಲ್ಟ್ ಡಿಸಿ ಕೂತಿರುತ್ತದೆ. ಮೀಟರ್ ಹಚ್ಚಿ ಇಳಿದಿದೆ ಅಂತ ಖಾತ್ರಿಯಾದ ಮೇಲೆ ಡ್ರೈವ್‌ನಿಂದ ಮೋಟರ್‌ಗೆ ಹೋಗುವ ಯು, ವಿ, ಡಬ್ಲ್ಯು ಮೂರೂ ವೈರ್ ಬಿಚ್ಚುವುದು. ಬಿಚ್ಚಿದ ವೈರ್‌ಗಳಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಚ್ಚುವುದು. ಒಳ್ಳೆ ಮೋಟರ್ ಹತ್ತಾರು, ನೂರಾರು ಮೆಗಾ ಓಮ್ ತೋರಿಸುತ್ತದೆ. 1 ಮೆಗಾ ಓಮ್‌ಗಿಂತ ಕಡಿಮೆ ಇದ್ದರೆ ಜೋಡಿಸುವುದಿಲ್ಲ. ಡ್ರೈವ್ ಬಿಚ್ಚದೆ ಮೆಗ್ಗರ್ ಹಚ್ಚಿದರೆ ಡ್ರೈವನ್ನು ನೀವೇ ಕೊಂದ ಹಾಗೆ. ಮೋಟರ್ ಚೆನ್ನಾಗಿದ್ದರೆ ಡ್ರೈವನ್ನು ಒಂಟಿಯಾಗಿ ಚಾಲೂ ಮಾಡಿ ನೋಡಿರಿ. ಆಗಲೂ ಓಸಿ ಬಂದರೆ ತೊಂದರೆ ಡ್ರೈವ್ ಒಳಗೇ ಇದೆ, ನಮ್ಮಲ್ಲಿಗೆ ತನ್ನಿರಿ.

ಮಳೆಗಾಲದ ನಸುಕಿನಲ್ಲಿ ಮಾತ್ರ ಅರ್ಥ್ ಫಾಲ್ಟ್ ಬಂದು, ಬಿಸಿಲೇರಿದಾಗ ಹೋಗುತ್ತಿದ್ದರೆ ವೈಂಡಿಂಗ್ ಹಸಿ ಹಿಡಿದಿದೆ. ಇದೇ ಜಾಗದಲ್ಲಿ ಅರ್ಥಿಂಗ್ ಬಗ್ಗೆಯೂ ಒಂದು ಮಾತು: ನಮ್ಮ ಎರಿ ನೆಲ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಅರ್ಥ್ ಪೈಪ್ ಸುತ್ತ ಮಣ್ಣೇ ಬಿಟ್ಟುಕೊಂಡಿರುತ್ತದೆ. ಮಾರ್ಚ್‌ನಿಂದ ಅರ್ಥ್ ಗುಂಡಿಗೆ ನೀರು ಹಾಕಿರಿ.

ದೊಡ್ಡ ಎಂಸಿಬಿ, ಒಳ್ಳೆ ಫ್ಯೂಸ್ ಹಾಕಿದ್ರ ಡ್ರೈವ್ ಉಳೀತದಲ್ರಿ?

ಉಳಿಯುವುದಿಲ್ಲ. ಸಿ ಟೈಪ್ ಎಂಸಿಬಿ ತನ್ನ ರೇಟಿಂಗಿನ 5ರಿಂದ 10 ಪಟ್ಟು ಬಂದಾಗ ಥಟ್ಟನೆ ಬೀಳುತ್ತದೆ, ಡಿ ಟೈಪ್ 10ರಿಂದ 20 ಪಟ್ಟಿಗೆ. ಥಟ್ಟನೆ ಅಂದರೂ ಅದು ಮಿಲಿಸೆಕೆಂಡಿನ ಮಾತು, ಅಷ್ಟರಲ್ಲಿ ಐಜಿಬಿಟಿ ಸತ್ತು ಬಹಳ ಹೊತ್ತಾಗಿರುತ್ತದೆ. ಡ್ರೈವ್‌ನ ಮುಂದೆ ಹಾಕುವ ಫ್ಯೂಸ್ ಇರುವುದು ಡ್ರೈವ್ ಉಳಿಸಲಿಕ್ಕಲ್ಲ, ಒಳಗೆ ಶಾರ್ಟ್ ಆದಾಗ ವೈರ್‌ಗೆ, ಪ್ಯಾನೆಲ್‌ಗೆ, ಮಿಲ್ಲಿಗೆ ಬೆಂಕಿ ಹತ್ತದಿರಲಿ ಅಂತ. ಸೆಮಿಕಂಡಕ್ಟರ್ ಫ್ಯೂಸ್ ಹಾಕಿದರೆ ಕನಿಷ್ಠ ಐಜಿಬಿಟಿ ಮಾಡ್ಯೂಲ್ ಸಿಡಿದು ಅಕ್ಕಪಕ್ಕದ ಕಾರ್ಡ್ ಹಾಳಾಗುವುದು ತಪ್ಪಬಹುದು. ಫ್ಯೂಸಿಗೆ ತಾಮ್ರದ ತಂತಿ ಸುತ್ತಿದವರ ಪ್ಯಾನೆಲ್ ಮುಟ್ಟುವುದನ್ನು ನಾನು ಬಿಟ್ಟಿದ್ದೇನೆ.

ಮೋಟರ್ ಕಡೆ ಕಂಡೆನ್ಸರ್ ಹಂಗೇ ಇರ್ಲಿ ಬಿಡ್ರಿ, ಪವರ್ ಫ್ಯಾಕ್ಟರ್‌ಗೆ ಬೇಕಲ್ಲ?

ಬೇಡವೇ ಬೇಡ, ಇವತ್ತೇ ತೆಗೆಯಿರಿ. ಡ್ರೈವ್ ಔಟ್‌ಪುಟ್ ಅಂದರೆ ಸೆಕೆಂಡಿಗೆ ಸಾವಿರಾರು ಸಲ ಹತ್ತಿ ಆರುವ ಚೌಕ ಅಲೆ. ಅದಕ್ಕೆ ಕಂಡೆನ್ಸರ್, ಅಂದರೆ ಕೆಪಾಸಿಟರ್, ಹೆಚ್ಚುಕಡಿಮೆ ಶಾರ್ಟ್ ಇದ್ದ ಹಾಗೆ. ಸ್ಟಾರ್ಟರ್ ತೆಗೆದು ಡ್ರೈವ್ ಹಚ್ಚುವಾಗ ಮೋಟರ್ ಪಕ್ಕದ ಡಬ್ಬಿಯನ್ನು ಯಾರೂ ನೋಡುವುದಿಲ್ಲ. "ಹೊಸಾ ಡ್ರೈವ್, ಮೊದಲ ದಿನಾನೇ ಓಸಿ" ಅನ್ನುವ ಫೋನ್ ಬಂದರೆ ನಾನು ಮೊದಲು ಕೇಳುವುದು ಇದನ್ನೇ. ಡ್ರೈವ್ ಮತ್ತು ಮೋಟರ್ ನಡುವೆ ಹಳೇ ಕಂಟ್ಯಾಕ್ಟರ್ (ಸ್ಟಾರ್ಟರ್‌ನ ಕರೆಂಟ್ ಹಿಡಿದು ಬಿಡುವ ಸ್ವಿಚ್) ಉಳಿಸಿ, ಓಡುವಾಗ ಅದನ್ನು ಬಿಟ್ಟು ಹಿಡಿಯುವುದೂ ಇದೇ ಜಾತಿಯ ತಪ್ಪು.

ಬೋರ್‌ವೆಲ್ ಮೋಟರ್‌ಗೆ ಡ್ರೈವ್ ಹಚ್ಚೀವಿ. ಮ್ಯಾಲಿನ ಮೋಟರ್‌ಗೆ ಛಲೋ ನಡೀತಿತ್ತು, ಇದಕ್ಕ ಬೀಳ್ತದ.

ಕೇಬಲ್ ಉದ್ದವೇ ಇಲ್ಲಿ ಆರೋಪಿ. ಆರುನೂರು ಅಡಿ ಇಳಿಸಿದ ಕೇಬಲ್ ತಾನೇ ಒಂದು ಸಣ್ಣ ಕಂಡೆನ್ಸರ್. ಡ್ರೈವ್ ಪ್ರತಿ ಸಲ ಹತ್ತಿ ಆರಿದಾಗಲೂ ಅದನ್ನು ತುಂಬಬೇಕು, ಆ ಚೂಪು ಕರೆಂಟನ್ನು ಸೆನ್ಸರ್ ಓಸಿ ಅಂತ ಓದುತ್ತದೆ. ಕ್ಯಾರಿಯರ್ ಫ್ರೀಕ್ವೆನ್ಸಿ ಇಳಿಸಿರಿ, ಅಂದರೆ ಹತ್ತಿ ಆರುವುದು ಕಡಿಮೆಯಾಗುತ್ತದೆ. ಔಟ್‌ಪುಟ್ ಚೋಕ್ (ತಂತಿ ಸುರುಳಿ) ಹಾಕಿರಿ. ಖರ್ಚು ಅನ್ನಬೇಡಿರಿ, ಕೇಬಲ್ ತುದಿಯಲ್ಲಿ ವೋಲ್ಟೇಜ್ ಪುಟಿದು ಎರಡು ಪಟ್ಟಿನವರೆಗೆ ಏರಿ ವೈಂಡಿಂಗ್ ಹಾಳುಮಾಡುವುದನ್ನೂ ಚೋಕ್ ತಗ್ಗಿಸುತ್ತದೆ.

ಇನ್ನೊಂದು. ಮೇಲೆ ಹೇಳಿದ "ಏರುವ ಸಮಯ ಹೆಚ್ಚಿಸಿರಿ" ಅನ್ನುವ ಮದ್ದು ಸಬ್ಮರ್ಸಿಬಲ್‌ಗೆ ಹಾಗೇ ನಡೆಯುವುದಿಲ್ಲ. ಅದರ ಕೆಳಗಿನ, ಭಾರ ಹೊರುವ ಥ್ರಸ್ಟ್ ಬೇರಿಂಗ್ ನೀರಿನ ಪದರದ ಮೇಲೆ ತೇಲುತ್ತದೆ, ಆ ಪದರ ಹುಟ್ಟಲು ವೇಗ ಬೇಕು. 30 ಹರ್ಟ್ಸ್‌ವರೆಗೆ ಒಂದು ಸೆಕೆಂಡಿನಲ್ಲಿ ಏರಬೇಕು, ಅಲ್ಲಿಂದ ಮುಂದೆ ನಿಧಾನ. ಎರಡು ಹಂತದ ಏರಿಕೆ ಕೊಡುವ ಪ್ಯಾರಾಮೀಟರ್ ಇರುವ ಡ್ರೈವನ್ನೇ ಕೊಳ್ಳಿರಿ. ನೀರು ಬತ್ತಿ ಪಂಪ್ ಖಾಲಿ ತಿರುಗಿದಾಗ ಕರೆಂಟ್ ಏರುವುದಿಲ್ಲ, ಇಳಿಯುತ್ತದೆ. ಓವರ್‌ಕರೆಂಟ್ ಪ್ರೊಟೆಕ್ಷನ್ ಅಲ್ಲಿ ಕುರುಡು, ಅಂಡರ್‌ಲೋಡ್ ಸೆಟ್ಟಿಂಗ್ ಬೇರೆ ಹಾಕಬೇಕು.

ಬ್ಯಾಸಗ್ಯಾಗೇ ಹೆಚ್ಚು ಬೀಳ್ತದ, ನಿಜಾನಾ?

ನಿಜ. ಬಹುತೇಕ ಡ್ರೈವ್‌ಗಳ ರೇಟಿಂಗ್ ಬರೆದಿರುವುದು 40 ಡಿಗ್ರಿಗೆ. ಅದರ ಮೇಲೆ ಪ್ರತಿ ಡಿಗ್ರಿಗೆ, ಮಾದರಿ ನೋಡಿ ಶೇ 1-2ರಷ್ಟು ಕಡಿಮೆ ಲೆಕ್ಕ ಹಿಡಿಯಬೇಕು. ಮೇ ತಿಂಗಳಲ್ಲಿ ಕಲಬುರಗಿಯ ಹೊರಗಿನ ಗಾಳಿಯೇ 42-43 ಮುಟ್ಟುತ್ತದೆ. ತಗಡಿನ ಶೆಡ್, ಮುಚ್ಚಿದ ಪ್ಯಾನೆಲ್ ಒಳಗೆ 50 ದಾಟಿರುತ್ತದೆ. ಬೀದರ್‌ನವರು "ನಮ್ಮೂರು ಎತ್ತರದಾಗದ, ತಂಪು" ಅನ್ನುತ್ತಾರೆ. ಎತ್ತರಕ್ಕೆ ರೇಟಿಂಗ್ ಇಳಿಸುವ ನಿಯಮ ಶುರುವಾಗುವುದು 1000 ಮೀಟರ್ ಮೇಲೆ, ಬೀದರ್ ಅಷ್ಟಿಲ್ಲ. ಆ ಚಿಂತೆ ಬಿಡಿರಿ.

ದೊಡ್ಡ ಶತ್ರು ಹೊಟ್ಟು. ತೊಗರಿ ಹೊಟ್ಟಿನ ಪುಡಿ ಹೀಟ್ ಸಿಂಕ್ ಸಂದಿನಲ್ಲಿ ಕಂಬಳಿಯ ಹಾಗೆ ಕೂತುಬಿಡುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಹೋಗುವುದಿಲ್ಲ. ತಿಂಗಳಿಗೊಮ್ಮೆ ಪವರ್ ಬಂದ್ ಮಾಡಿ ಬ್ಲೋವರ್ ಹಿಡಿಯಿರಿ. ಪ್ಯಾನೆಲ್ ಬಾಗಿಲು ತೆರೆದು ಟೇಬಲ್ ಫ್ಯಾನ್ ಇಡುವುದು ಬೇಡ, ಆ ಫ್ಯಾನ್ ಹೊಟ್ಟನ್ನೇ ಒಳಗೆ ಊದುತ್ತದೆ.

ಕರೆಂಟ್ ಹೋಗಿ ಬಂದ್ರ ಸಾಕು, ಬ್ಲೋವರ್ ಡ್ರೈವ್ ಬೀಳ್ತದ.

ಬ್ಲೋವರ್ ಇನ್ನೂ ತಿರುಗುತ್ತಿರುವಾಗ ಡ್ರೈವ್ ಸೊನ್ನೆಯಿಂದ ಶುರುಮಾಡಲು ಹೋಗುತ್ತದೆ. ತಿರುಗುವ ಮೋಟರ್‌ಗೂ ಡ್ರೈವ್ ಕೊಡುವ ಅಲೆಗೂ ಹೊಂದದೆ ಕರೆಂಟ್ ಏರುತ್ತದೆ. ಫ್ಲೈಯಿಂಗ್ ಸ್ಟಾರ್ಟ್ ಅಥವಾ ಸ್ಪೀಡ್ ಸರ್ಚ್ ಅನ್ನುವ ಪ್ಯಾರಾಮೀಟರ್ ಆನ್ ಮಾಡಿರಿ. ಅದು ಇಲ್ಲದಿದ್ದರೆ ಬ್ಲೋವರ್ ಪೂರ್ತಿ ನಿಲ್ಲುವಷ್ಟು ಹೊತ್ತು ಕಾಯುವ ಟೈಮರ್ ಹಾಕಿರಿ.

ಒಂದ್ ಫೇಸ್ ಹೋದ್ರ?

ಸ್ಟಾರ್ಟರ್ ಮೇಲೆ ಓಡುವ ಮೋಟರ್ ಆದರೆ ಉಳಿದ ಎರಡರಲ್ಲಿ ಕರೆಂಟ್ ಸುಮಾರು 1.73 ಪಟ್ಟು ಏರುತ್ತದೆ. ಓಎಲ್‌ಆರ್ ಸರಿಯಾಗಿ ಇಟ್ಟಿದ್ದರೆ ಬೀಳುತ್ತದೆ, "ಬೀಳಬಾರದು" ಅಂತ ಏರಿಸಿಟ್ಟಿದ್ದರೆ ಮೋಟರ್ ಸುಡುತ್ತದೆ. ಹೊಲದ ಪಂಪ್‌ಗಳಿಗೆ ಪ್ರತ್ಯೇಕ ಫೇಸ್ ಪ್ರಿವೆಂಟರ್ ಹಾಕಿರಿ. ಡ್ರೈವ್ ಇದ್ದರೆ ಅದೇ ಗುರುತಿಸಿ ನಿಲ್ಲುತ್ತದೆ. ಕೆಲವರು ಆ ಪ್ಯಾರಾಮೀಟರ್ ಆಫ್ ಮಾಡಿಸಿಕೊಳ್ಳುತ್ತಾರೆ. ಆಫ್ ಮಾಡಿದ ಡ್ರೈವ್ ಎರಡೇ ಫೇಸಿನಲ್ಲಿ ಎಳೆದೆಳೆದು ಒಳಗಿನ ಡಯೋಡ್, ಕೆಪಾಸಿಟರ್ ಕಳೆದುಕೊಳ್ಳುತ್ತದೆ.

ಸ್ಟಾರ್ ಡೆಲ್ಟಾದಾಗ ಓಎಲ್‌ಆರ್ ಎಷ್ಟಕ್ಕಿಡಬೇಕು?

ಸ್ಟಾರ್ ಡೆಲ್ಟಾ ಅಂದರೆ ಮೋಟರನ್ನು ಮೊದಲು ಕಡಿಮೆ ಕರೆಂಟಿನಲ್ಲಿ ಎಬ್ಬಿಸಿ ಆಮೇಲೆ ಪೂರ್ತಿ ಜೋಡಣೆಗೆ (ಡೆಲ್ಟಾ) ತರುವ ಸ್ಟಾರ್ಟರ್. ಓಎಲ್‌ಆರ್ ಡೆಲ್ಟಾ ಕೊಂಡಿಯ ಒಳಗೆ, ಅಂದರೆ ವೈಂಡಿಂಗಿನ ಸರಣಿಯಲ್ಲಿ ಕೂತಿದ್ದರೆ ನೇಮ್‌ಪ್ಲೇಟ್ ಆಂಪ್‌ನ 0.58 ಪಟ್ಟು. 28 ಆಂಪ್ ಮೋಟರ್‌ಗೆ 16ರ ಆಸುಪಾಸು. ಲೈನಿನಲ್ಲೇ ಇದ್ದರೆ ಪೂರ್ತಿ 28. ಒಳಗೆ ಕೂತದ್ದನ್ನು 28ಕ್ಕೆ ಇಟ್ಟ ಪ್ಯಾನೆಲ್‌ಗಳು ಲೆಕ್ಕವಿಲ್ಲದಷ್ಟಿವೆ.

ಒಂದೇ ಡ್ರೈವ್‌ಗೆ ಎರಡು ಮೋಟರ್?

ಆಗುತ್ತದೆ, ಆದರೆ ಪ್ರತಿ ಮೋಟರ್‌ಗೂ ಬೇರೆ ಓಎಲ್‌ಆರ್ ಬೇಕೇ ಬೇಕು. ಡ್ರೈವ್‌ಗೆ ಕಾಣುವುದು ಎರಡರ ಮೊತ್ತ. ಒಂದು ಖಾಲಿ ತಿರುಗಿ ಇನ್ನೊಂದು ಸುಡುತ್ತಿದ್ದರೂ ಮೊತ್ತ ಸರಿಯಾಗಿಯೇ ಕಾಣುತ್ತದೆ.

ಬ್ಯಾಟರಿ ಆಟೋ ಕಂಟ್ರೋಲರ್‌ನ ಷಂಟ್ ಮ್ಯಾಲೆ ಬೆಸುಗೆ ಹಾಕಿದ್ರ ಎಳೆತ ಹೆಚ್ಚಾಗ್ತದಂತ?

ಆಗುತ್ತದೆ, ಒಂದು ವಾರ. ಕಂಟ್ರೋಲರ್ ಒಳಗೆ ಒಂದೆರಡು ದಪ್ಪ ತಂತಿ ತುಂಡುಗಳು ಬಾಗಿ ನಿಂತಿರುತ್ತವೆ, ಅದೇ ಷಂಟ್. 1 ಮಿಲಿ ಓಮ್ ಅಂತಿಟ್ಟುಕೊಳ್ಳಿರಿ. 50 ಆಂಪ್ ಹರಿದರೆ ಅದರ ಮೇಲೆ 50 ಮಿಲಿವೋಲ್ಟ್ ಬರುತ್ತದೆ, ಅದನ್ನು ನೋಡಿ ಕಂಟ್ರೋಲರ್ ಕರೆಂಟ್ ತಡೆಯುತ್ತದೆ. ಬೆಸುಗೆ ಬಳಿದು ಅರ್ಧ ಮಿಲಿ ಓಮ್ ಮಾಡಿದರೆ 50 ಹರಿದಾಗಲೂ ಅದು 25 ಅಂತ ಓದುತ್ತದೆ, 100ರವರೆಗೆ ಬಿಡುತ್ತದೆ. ಕರೆಂಟ್ ಎರಡು ಪಟ್ಟಾದರೆ ಮಾಸ್‌ಫೆಟ್‌ನ (ಇಲ್ಲಿ ಕರೆಂಟ್ ಹೊರುವ ಟ್ರಾನ್ಸಿಸ್ಟರ್) ಬಿಸಿ ನಾಲ್ಕು ಪಟ್ಟು. ಮಂದಿ ತುಂಬಿಕೊಂಡು ಓವರ್ ಬ್ರಿಡ್ಜ್ ಏರುವಾಗ ಮಾಸ್‌ಫೆಟ್ ಶಾರ್ಟ್ ಆಗಿ ಹೋಗುತ್ತದೆ, ಗಾಲಿ ಬ್ರೇಕ್ ಹಿಡಿದ ಹಾಗೆ ಬಿಗಿಯುತ್ತದೆ. ಹಿಂದೆ ಬಸ್ ಬರುತ್ತಿದ್ದರೆ? ಇದನ್ನು ಮಾಡಿಕೊಡಿರಿ ಅಂತ ನಮ್ಮಲ್ಲಿಗೆ ಬರಬೇಡಿರಿ.

ಲಿಮಿಟ್ ಏರಿಸಿ ಕೊಡ್ರಿ, ಇಲ್ಲಾ ಆಟೋ ರೀಸೆಟ್ ಹಾಕಿ ಕೊಡ್ರಿ. ಸೀಸನ್ ಅದ, ನಿಂದ್ರಿಸಾಕ ಆಗಂಗಿಲ್ಲ.

ಡಿಸೆಂಬರ್, ಜನವರಿಯಲ್ಲಿ ಹೊಸ ತೊಗರಿ ಬರುವಾಗ ಈ ಮಾತು ದಿನಾ ಕೇಳುತ್ತೇನೆ. ಅವರ ಸಂಕಟ ನಿಜ. ಹಾರ್ಡ್‌ವೇರ್ ಓಸಿ ಮಿತಿಯನ್ನು ಪ್ಯಾರಾಮೀಟರ್‌ನಲ್ಲಿ ಏರಿಸಲಾಗದು, ಅದು ದೇವರ ದಯೆ. ಏರಿಸಲಾಗುವುದು ಕರೆಂಟ್ ಲಿಮಿಟ್, ಅಂದರೆ ಸ್ಟಾಲ್ ಪ್ರಿವೆನ್ಷನ್. ಆದರೆ ಅದನ್ನು ಏರಿಸುವುದಕ್ಕಿಂತ ಸ್ವಲ್ಪ ಇಳಿಸಿದರೇ ಒಳ್ಳೆಯದು. ಶೇ 180 ಇದ್ದದ್ದನ್ನು 150ಕ್ಕೆ ತಂದರೆ, ಲೋಡ್ ಬಿಗಿಯಾದಾಗ ಡ್ರೈವ್ ಬೀಳುವ ಬದಲು ವೇಗ ತಗ್ಗಿಸಿಕೊಂಡು ತಾಳಿಕೊಳ್ಳುತ್ತದೆ. ಎಲಿವೇಟರ್‌ಗೆ ಇದು ಸರಿ ಹೋಗುತ್ತದೆ, ಒಂದೇ ವೇಗ ಬೇಕಾದ ರೋಲರ್‌ಗೆ ಹೋಗುವುದಿಲ್ಲ.

ಆಟೋ ರೀಸೆಟ್ ಅನ್ನು ವೋಲ್ಟೇಜ್ ಟ್ರಿಪ್‌ಗೆ ಬೇಕಾದರೆ ಹಾಕಿ ಕೊಡುತ್ತೇನೆ. ಓಸಿಗೆ, ಅರ್ಥ್ ಫಾಲ್ಟ್‌ಗೆ ಎಷ್ಟು ದುಡ್ಡು ಕೊಟ್ಟರೂ ಹಾಕುವುದಿಲ್ಲ. ನಿಂತ ಬೆಲ್ಟಿನಲ್ಲಿ ಸಿಕ್ಕ ಚೀಲದ ತುಂಡನ್ನು ಹುಡುಗ ಕೈ ಹಾಕಿ ಜಗ್ಗುತ್ತಿರುವಾಗ ಮಷೀನ್ ತಾನಾಗಿ ಶುರುವಾದರೆ ಕೈ ಉಳಿಯುವುದಿಲ್ಲ.

ನಿಮಗ ಫೋನ್ ಮಾಡೋ ಮುಂಚೆ ಏನ್ ನೋಡಿಟ್ಟುಕೊಳ್ಳಬೇಕು?

ಡಿಸ್ಪ್ಲೇಯ ಫೋಟೊ, ರೀಸೆಟ್ ಒತ್ತುವ ಮೊದಲು ತೆಗೆದದ್ದು. ಬಹಳಷ್ಟು ಡ್ರೈವ್‌ಗಳು ಬಿದ್ದ ಕ್ಷಣದ ಕರೆಂಟ್, ಹರ್ಟ್ಸ್, ಡಿಸಿ ವೋಲ್ಟೇಜ್ ನೆನಪಿಟ್ಟಿರುತ್ತವೆ, ಮೆನುವಿನಲ್ಲಿ ಹುಡುಕಿ ಅದರ ಫೋಟೊ ಕೂಡ ಕಳಿಸಿರಿ. ಮೋಟರ್ ನೇಮ್‌ಪ್ಲೇಟ್ ಬಟ್ಟೆಯಿಂದ ಒರೆಸಿ ಒಂದು ಫೋಟೊ. ಕೇಬಲ್ ಎಷ್ಟು ಉದ್ದ. ಬೀಳುವುದು ಏರುವಾಗಲೋ, ಓಡುವಾಗಲೋ, ನಸುಕಿನಲ್ಲೋ, ಮಟಮಟ ಮಧ್ಯಾಹ್ನವೋ. ಹಿಂದಿನ ದಿನ ಯಾರು ಏನು ಮುಟ್ಟಿದ್ದರು. ಈ ಕೊನೆಯ ಪ್ರಶ್ನೆಗೆ ಎಲ್ಲರೂ "ಯಾರೂ ಏನೂ ಮುಟ್ಟಿಲ್ರಿ" ಅಂತಲೇ ಅನ್ನುತ್ತಾರೆ. ಒಂದು ಸಲ ಆಪರೇಟರ್ ಹುಡುಗನನ್ನು ಬೇರೆ ಕರೆದು, ಚಹಾ ಕುಡಿಸಿ ಕೇಳಿ ನೋಡಿರಿ.